ಮೊದಲು ಎದ್ದ ಪೆಟ್ಟಿಗೆ

ಫೆಬ್ರವರಿ ತಿಂಗಳ ಮೊದಲನೆಯ ಶನಿವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಕೊಪ್ಪದ ನಮ್ಮ ಕಚೇರಿಯ ಮಹಡಿ ಕೋಣೆ. ಹಾಜರಿದ್ದವರು ಮೂವರು: ನಾನು, ನಮ್ಮ ಟ್ರಸ್ಟಿನ ಕಾರ್ಯದರ್ಶಿ, ನರಸಿಂಹರಾಜಪುರದ ಕೇಂದ್ರವನ್ನು ನೋಡಿಕೊಳ್ಳುವ ಹೆಂಗಸು. ಮೇಜಿನ ಮೇಲೆ ಟೈಪು ಮಾಡಿದ ಒಂದು ಪತ್ರವಿತ್ತು. ಸೋಮವಾರದಿಂದ ನರಸಿಂಹರಾಜಪುರದ ಕೇಂದ್ರವನ್ನು ಮುಚ್ಚಿ ಅದರ ಕೆಲಸವನ್ನು ಕೊಪ್ಪಕ್ಕೆ ತರುವುದೆಂದು ಅದರಲ್ಲಿತ್ತು. ಸಂಜೆ ನಾಲ್ಕಕ್ಕೆ ಕಾರ್ಯದರ್ಶಿ ಅದಕ್ಕೆ ಸಹಿ ಹಾಕುವವನಿದ್ದ. ಪತ್ರದ ಆಧಾರ ನಾನು ಹಿಂದಿನ ವಾರ ಬರೆದುಕೊಟ್ಟ ಒಂದು ಪುಟದ ವರದಿ.

ಆ ವರದಿ ತಪ್ಪಾಗಿತ್ತು. ಅದು ನನಗೆ ಗೊತ್ತಾದದ್ದು ಏಳೂವರೆಯ ನಂತರ.

ನಾನು ಇಪ್ಪತ್ತೆರಡು ವರ್ಷ ಸೈನ್ಯದ ಸಿಗ್ನಲ್ ವಿಭಾಗದಲ್ಲಿದ್ದು ಸುಬೇದಾರನಾಗಿ ನಿವೃತ್ತನಾದವನು. ಎದ್ದ ಹೊತ್ತು, ಯಂತ್ರ ಹಚ್ಚಿದ ಹೊತ್ತು, ಆರಿಸಿದ ಹೊತ್ತು, ಎಲ್ಲವನ್ನೂ ಬರೆದಿಡುವುದು ಅಲ್ಲಿ ಕಲಿತ ಅಭ್ಯಾಸ. ಊರಿಗೆ ಬಂದ ಮೇಲೆ ಈ ಟ್ರಸ್ಟಿನ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮೂರು ತಾಲ್ಲೂಕಿನ ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಕೈಬರಹವನ್ನು ಯಂತ್ರದಿಂದ ಓದಿಸಿ, ತಪ್ಪುಗಳನ್ನು ತಿದ್ದಿ ಇಡುವುದು ಟ್ರಸ್ಟಿನ ಕೆಲಸ. ಯಾರಿಗಾದರೂ ಅಜ್ಜನ ಹುಟ್ಟಿದ ದಿನ ಬೇಕೆಂದರೆ ಈಗ ಎರಡು ನಿಮಿಷದಲ್ಲಿ ಸಿಗುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರು ಊರಿನಲ್ಲೂ ಒಂದೊಂದು ಕೋಣೆಯಲ್ಲಿ ನಾಲ್ಕೈದು ಜನ ಕೂತು ತಿದ್ದುತ್ತಾರೆ. ಆದರೆ ಓದುವ ಯಂತ್ರ ಒಂದೇ. ಅದು ಕೊಪ್ಪದ ಈ ಮಹಡಿಯಲ್ಲಿದೆ.

ಆ ಒಂದೇ ಯಂತ್ರದೊಳಗೆ ಮೂರು ಕಂಟೇನರ್ ಮಾಡಿದ್ದೆ. ನಾವು ಅವನ್ನು ಪೆಟ್ಟಿಗೆ ಎನ್ನುತ್ತೇವೆ. ಒಂದು ಊರಿಗೆ ಒಂದು ಪೆಟ್ಟಿಗೆ. ಒಂದರ ಕಡತ ಇನ್ನೊಂದಕ್ಕೆ ಕಾಣುವುದಿಲ್ಲ, ಒಂದು ಕೆಟ್ಟರೆ ಇನ್ನೊಂದು ನಿಲ್ಲುವುದಿಲ್ಲ. ಯಂತ್ರದ ಮೆಮೊರಿ ಹನ್ನೆರಡು ಜಿಬಿ. ಪ್ರತಿ ಪೆಟ್ಟಿಗೆಗೂ ಮೂರು ಜಿಬಿ ಮಿತಿ ಹಾಕಿ, ಉಳಿದ ಮೂರನ್ನು ಯಂತ್ರದ ಸ್ವಂತ ಕೆಲಸಕ್ಕೆ ಬಿಟ್ಟಿದ್ದೆ. ಪೆಟ್ಟಿಗೆಯೊಂದು ಮಿತಿ ಮೀರಿದರೆ ಆಪರೇಟಿಂಗ್ ಸಿಸ್ಟಂ ಮೊದಲು ಎಚ್ಚರಿಸಿ ಕಾಯುವುದಿಲ್ಲ. ಆ ಪೆಟ್ಟಿಗೆಯ ಕೆಲಸವನ್ನು ಅಲ್ಲೇ ಕೊಂದುಬಿಡುತ್ತದೆ. ಅಷ್ಟು ಹೊತ್ತು ತಿದ್ದಿ ಇನ್ನೂ ಉಳಿಸದ ಹಾಳೆಗಳು ಹೋಗುತ್ತವೆ. ಸತ್ತ ಪೆಟ್ಟಿಗೆಯನ್ನು ಆಯಾ ಊರಿನವರೇ ತಮ್ಮಲ್ಲಿಂದ ಮತ್ತೆ ಎಬ್ಬಿಸಬಹುದು.

ಜನವರಿಯಿಡೀ ಹೀಗೆ ಸತ್ತದ್ದು ನರಸಿಂಹರಾಜಪುರದ ಪೆಟ್ಟಿಗೆ. ದಿನಾ ಬೆಳಿಗ್ಗೆ ಹನ್ನೊಂದರ ಆಸುಪಾಸಿನಲ್ಲಿ, ಒಂದು ಸಲ. ನಾನು ಲೆಕ್ಕದ ಪರದೆ ನೋಡಿದೆ. ಅವರ ಪೆಟ್ಟಿಗೆ ಮೂರರ ಗೆರೆ ಮುಟ್ಟುತ್ತಿತ್ತು, ಉಳಿದೆರಡು ಎರಡೂಕಾಲು ಜಿಬಿಯ ಮೇಲೆ ಹೋಗುತ್ತಿರಲಿಲ್ಲ. ‘ನರಸಿಂಹರಾಜಪುರ ಕೇಂದ್ರದ ಬಳಕೆ ಮಿತಿಗಿಂತ ಹೆಚ್ಚು, ಕೆಲಸದ ಕ್ರಮ ಸರಿಯಿಲ್ಲ’ ಎಂದು ಬರೆದು ಸಹಿ ಮಾಡಿದೆ.

ಆ ಹೆಂಗಸು ಮುತ್ತಿನಕೊಪ್ಪದವಳು. ಹತ್ತು ವರ್ಷ ಅಡಿಕೆ ತೋಟದ ಕೂಲಿಗೆ ಹೋಗಿ, ಸೊಂಟ ಹಿಡಿದುಕೊಂಡ ಮೇಲೆ ಟೈಪಿಂಗ್ ಕಲಿತವಳು. ಹಿಂದಿನ ದಿನ ಸಂಜೆಯೇ ಸೀತೂರಿನ ಅಕ್ಕನ ಮನೆಗೆ ಬಂದು ಉಳಿದು, ಮೊದಲ ಬಸ್ಸು ಹಿಡಿದು ಕೊಪ್ಪಕ್ಕೆ ಬಂದಿದ್ದಳು. ಕೈಯಲ್ಲಿ ಒಂದು ನೋಟ್‌ಬುಕ್ಕು ಇತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಕೊಪ್ಪಕ್ಕೆ ಬಂದು ಕೆಲಸ ಮಾಡಿ ಅಂತ ಪತ್ರದಲ್ಲೇ ಹಾಕಿದೀವಲ್ಲಮ್ಮ,” ಎಂದ ಕಾರ್ಯದರ್ಶಿ. ಅವನು ನನ್ನ ಪ್ರಾಥಮಿಕ ಶಾಲೆಯ ಜೊತೆಗಾರ. ಕೆಟ್ಟವನಲ್ಲ, ಅವಸರದವನು.

“ಮುತ್ತಿನಕೊಪ್ಪದಿಂದ ಇಲ್ಲಿಗೆ ಎರಡು ಬಸ್ಸು ಸರ್. ಸಂಜೆ ವಾಪಸ್ ಹೋಗಿ ಮುಟ್ಟೋದು ಎಷ್ಟೊತ್ತಿಗೆ? ನಮ್ಮಲ್ಲಿ ಇಬ್ರಿಗೆ ಸಣ್ಣ ಮಕ್ಳಿದಾವೆ. ನೀವು ಬನ್ನಿ ಅಂದಂಗೂ ಆಯ್ತು, ಬರ್ಬೇಡಿ ಅಂದಂಗೂ ಆಯ್ತು.”

“ನಾನೆಂತ ಮಾಡ್ಲಿ? ದಿನಾ ಬಿದ್ದೋಗ್ತದೆ ಅಂದ್ರೆ ಪುಸ್ತಕ ಕೊಟ್ಟ ಶಾಲೆಯೋರಿಗೆ ಎಂತ ಹೇಳೋದು? ಸುಬೇದಾರ್ರು ಬರ್ದು ಕೊಟ್ಟಿದಾರೆ, ಲೆಕ್ಕ ಸಮೇತ.”

ಅವಳು ನನ್ನ ಕಡೆ ತಿರುಗಿದಳು. “ಸರ್, ನಿಮ್ ಲೆಕ್ಕ ನಂಗೆ ಅರ್ಥ ಆಗಲ್ಲ. ಆದ್ರೆ ನಾವು ಮಾಡೋ ಹಾಳೆ ಶೃಂಗೇರಿಯೋರಿಗಿಂತ ಕಮ್ಮಿ. ಕಮ್ಮಿ ಕೆಲಸ ಮಾಡೋರು ಜಾಸ್ತಿ ತಿನ್ನೋದು ಹ್ಯಾಗೆ?”

ಈ ಪ್ರಶ್ನೆಯನ್ನು ಅವಳು ಎರಡು ವಾರದ ಹಿಂದೆಯೂ ಫೋನಿನಲ್ಲಿ ಕೇಳಿದ್ದಳು. ದೂರನ್ನು ನಮೂನೆಯಲ್ಲಿ ಬರೆದು ಕಳಿಸಿ ಎಂದಿದ್ದೆ. ನಮೂನೆಯಲ್ಲಿ ಅವಳು ಹೇಳಬೇಕಾದ್ದಕ್ಕೆ ಜಾಗವೇ ಇರಲಿಲ್ಲ. ಅದಕ್ಕೇ ನೋಟ್‌ಬುಕ್ಕು ಹಿಡಿದು ತಾನೇ ಬಂದಿದ್ದಳು.

“ಕೊಡಿ ಇಲ್ಲಿ,” ಎಂದೆ.

ಸಾಲು ಹೊಡೆದು ಬರೆದಿದ್ದಳು. ತಾರೀಖು, ಸತ್ತ ಹೊತ್ತು, ಮತ್ತೆ ಎದ್ದ ಹೊತ್ತು, ಹೋದ ಹಾಳೆ ಎಷ್ಟು. ನನ್ನ ರಿಜಿಸ್ಟರಿಗಿಂತ ಅಚ್ಚುಕಟ್ಟು. ಎಲ್ಲ ದಿನವೂ ಒಂದೇ ಸಾವು. ಎದ್ದ ಮೇಲೆ ಸಂಜೆಯವರೆಗೆ ಏನೂ ಇಲ್ಲ.

“ನಮ್ ಹುಡ್ಗೀರು ನಗಾಡ್ತಾರೆ ಸರ್. ಇದು ಬೆಳಿಗ್ಗೆ ಒಂದ್ಸಲ ಸತ್ತು ಸ್ನಾನ ಮಾಡ್ಕೊಂಡು ಬಂದ್ರೆ ಆಮೇಲೆ ಗಟ್ಟಿ ಅಂತ.”

ಕಾರ್ಯದರ್ಶಿ ನಕ್ಕ. ನನಗೆ ನಗು ಬರಲಿಲ್ಲ. ಅವರು ಹೆಚ್ಚು ತಿನ್ನುವವರಾಗಿದ್ದರೆ ಮಧ್ಯಾಹ್ನವೂ ಸಾಯಬೇಕಿತ್ತು. ಪುಟ ತಿರುವಿದೆ. ನಡುವೆ ಒಂದು ಗುರುವಾರದ ಮುಂದೆ ‘ಸಾಯಲಿಲ್ಲ’ ಎಂದಿತ್ತು. ಅದರ ಕೆಳಗೆ, ‘ಶೃಂಗೇರಿಯಿಂದ ಫೋನ್, ನಿಮ್ಮದೂ ಹೋಯಿತಾ ಎಂದು ಕೇಳಿದರು’.

“ಈ ಗುರುವಾರ ಎಂತಾಯ್ತು?”

“ಅವತ್ತು ನೀವು ಇರ್ಲಿಲ್ಲ ಸರ್. ಕಣ್ಣು ತೋರ್ಸೋಕೆ ಶಿವಮೊಗ್ಗಕ್ಕೆ ಹೋಗಿದ್ರಿ.”

ನಾನು ಕಾರ್ಯದರ್ಶಿಯ ಮುಖ ನೋಡಿದೆ. “ಅವತ್ತು ಯಂತ್ರ ಹಚ್ಚಿದ್ದು ನೀನು. ಯಾವ ಪೆಟ್ಟಿಗೆ ಮೊದಲು ಎಬ್ಬಿಸಿದೆ?”

“ಅದೆಲ್ಲ ಯಾರಿಗೆ ನೆನಪಿರ್ತದೆ ಮಾರಾಯ? ಶೃಂಗೇರಿ ಭಟ್ರು ಏಳು ಗಂಟೆಗೇ ಫೋನ್ ಮಾಡಿ ತಲೆ ತಿಂದ್ರು. ಅವ್ರದ್ದೇ ಮೊದ್ಲು ಹಚ್ಚಿದ್ನಪ್ಪ.”

ಫೋನ್ ತೆಗೆದುಕೊಂಡು ಶೃಂಗೇರಿ ಕೇಂದ್ರದ ಭಟ್ಟರಿಗೆ ಮಾಡಿದೆ. ಸ್ಪೀಕರ್ ಹಾಕಿದೆ.

“ಆ ಗುರುವಾರ ನಿಮ್ಮ ಪೆಟ್ಟಿಗೆ ಸತ್ತಿತ್ತಾ?”

“ಎಂತಕ್ಕೆ ಕೇಳ್ತ್ರಿ ಮಾರಾಯ್ರೆ ಬೆಳಿಗ್ಗೆ ಬೆಳಿಗ್ಗೆ?”

“ಸತ್ತಿತ್ತೋ ಇಲ್ವೋ ಹೇಳಿ.”

“ಒಂದು ಸಲ ಹೋಯ್ತು. ಹತ್ತೂಮುಕ್ಕಾಲಕ್ಕೆ. ಕರೆಂಟು ಹೋಗಿರ್ಬೇಕು ಅಂದ್ಕಂಡು ಮತ್ತೆ ಹಚ್ಚಿದೆ.”

“ನಿಮ್ಮ ರಿಜಿಸ್ಟರಿನಲ್ಲಿ ಯಾಕೆ ಬರೀಲಿಲ್ಲ?”

“ಬರೆದ್ರೆ ನೀವು ನಮ್ಮ ಮೇಲೂ ಒಂದು ರಿಪೋರ್ಟ್ ಬರೀತ್ರಿ ಅಲ್ದಾ?”

ಹೆಂಗಸು ಬಾಗಿಲಿನ ಕಡೆ ಮುಖ ಮಾಡಿ ನಿಂತಳು. ಅವಳ ಕಿವಿ ಕೆಂಪಾಗಿತ್ತು. ಕಾರ್ಯದರ್ಶಿ ಪತ್ರವನ್ನು ಮೇಜಿನ ಮೇಲೆ ಆಚೀಚೆ ಸರಿಸಿದ.

ವಿಷಯ ಇಷ್ಟು. ಮೂರೂ ಪೆಟ್ಟಿಗೆಗೆ ಒಂದು ಪದಕೋಶ ಬೇಕು. ಊರ ಹೆಸರು, ಮನೆತನದ ಹೆಸರು, ಹಳೆಯ ಬರವಣಿಗೆಯ ರೂಪ, ಎಲ್ಲ ಸೇರಿ ಒಂದು ಜಿಬಿ. ಮೂರು ಕಡೆ ಮೂರು ಪ್ರತಿ ಇಡುವುದು ದಂಡವೆಂದು ಮೂರಕ್ಕೂ ಸೇರಿದ ಹಂಚಿಕೆಯ ಮೆಮೊರಿಯಲ್ಲಿ ಒಂದೇ ಪ್ರತಿ ಇಟ್ಟಿದ್ದೆ. ಬೆಳಿಗ್ಗೆ ಮೊದಲು ಏಳುವ ಪೆಟ್ಟಿಗೆ ಅದನ್ನು ಡಿಸ್ಕಿನಿಂದ ಎತ್ತಿ ಅಲ್ಲಿ ಇಡುತ್ತದೆ. ಆಮೇಲೆ ಎದ್ದವು ಇದ್ದದ್ದನ್ನೇ ಓದುತ್ತವೆ. ಓದುವವರು ಮೂವರಾದರೂ ಆಪರೇಟಿಂಗ್ ಸಿಸ್ಟಂ ಆ ಒಂದು ಜಿಬಿಯನ್ನು ಮೂವರಿಗೆ ಹಂಚಿ ಬರೆಯುವುದಿಲ್ಲ. ಮೊದಲು ಮುಟ್ಟಿದವನ ಹೆಸರಿಗೇ ಬರೆಯುತ್ತದೆ. ಆ ಪೆಟ್ಟಿಗೆ ಸತ್ತರೆ ಪದಕೋಶ ಅಲ್ಲೇ ಇರುತ್ತದೆ, ಅದರ ಭಾರ ಮಾತ್ರ ಯಾವ ಪೆಟ್ಟಿಗೆಯ ಮೇಲೂ ಇಲ್ಲದೆ ಯಂತ್ರದ ಒಟ್ಟು ಲೆಕ್ಕಕ್ಕೆ ಸರಿಯುತ್ತದೆ. ಅದಕ್ಕೇ ಒಂದು ಸಲ ಸತ್ತು ಎದ್ದರೆ ಗಟ್ಟಿ.

ದಿನಾ ಮೊದಲು ಎಬ್ಬಿಸುತ್ತಿದ್ದದ್ದು ಯಾವುದನ್ನು? ಗೋಡೆಯ ಮೇಲೆ ನನ್ನ ಕೈಬರಹದ ಚೀಟಿ ಇತ್ತು. ಏಳೂಕಾಲು, ನರಸಿಂಹರಾಜಪುರ. ಒಂಬತ್ತೂವರೆ, ಶೃಂಗೇರಿ. ಹತ್ತು, ಕೊಪ್ಪ. ಆ ಹೆಂಗಸರು ಬೇಗ ಬಂದು ಬೇಗ ಹೋಗುವವರೆಂದು, ಅವರ ಅನುಕೂಲಕ್ಕೇ ಹಾಗೆ ಬರೆದಿದ್ದೆ. ಸಂಜೆ ಐದೂವರೆಗೆ ಯಂತ್ರ ಪೂರ್ತಿ ಆರಿಸುವುದೂ ನನ್ನದೇ ನಿಯಮ. ಆರಿಸದೆ ಬಿಟ್ಟಿದ್ದರೆ ಈ ಪೆಟ್ಟಿಗೆ ತಿಂಗಳಿಗೊಮ್ಮೆ ಮಾತ್ರ ಸಾಯುತ್ತಿತ್ತೇನೋ. ಆರಿಸಿ, ಅದೇ ಕ್ರಮದಲ್ಲಿ ಎಬ್ಬಿಸಿ, ಒಂದು ದಿನವೂ ತಪ್ಪದಂತೆ ಅವರನ್ನು ಸಾಯಿಸಿದ್ದೆ. ಡಿಸೆಂಬರಿನವರೆಗೆ ಪದಕೋಶ ಸಣ್ಣದಿತ್ತು, ಮಿತಿ ಮುಟ್ಟುತ್ತಿರಲಿಲ್ಲ. ಮೂರೂ ಊರಿನವರು ಹೊಸ ಹೆಸರು ಸೇರಿಸುತ್ತ ಹೋದಂತೆ ಬೆಳೆಯಿತು.

ನಾನು ಹುಟ್ಟಿದ್ದು ಮೇಗುಂದದ ಕಡೆಯ ಒಂದು ಎಸ್ಟೇಟಿನ ಲೈನಿನಲ್ಲಿ, ಎಂದರೆ ಕೂಲಿಯವರ ಸಾಲುಮನೆಯಲ್ಲಿ. ನಾಲ್ಕು ಮನೆಗೆ ಒಂದೇ ಬಚ್ಚಲು, ಒಂದೇ ಹಂಡೆ. ಸೌದೆ ಮಾತ್ರ ಮನೆಮನೆಗೆ ಬೇರೆ ಬೇರೆ ಅಳೆದು ಕೊಡುತ್ತಿದ್ದರು. ಮೊದಲು ಎದ್ದವರು ಹಂಡೆಗೆ ಉರಿ ಹಾಕಬೇಕು, ಅದು ಲೈನಿನ ಪದ್ಧತಿ. ದಿನಾ ಮೊದಲು ಏಳುತ್ತಿದ್ದವಳು ನನ್ನ ಅವ್ವ. ನಾಲ್ಕು ಮನೆಯವರೂ ಮಿಂದದ್ದು ಅವಳ ಸೌದೆಯಲ್ಲಿ. ತಿಂಗಳ ಕೊನೆಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಂದು, ಈ ಮನೆಯವಳಿಗೆ ಸೌದೆ ಹಿಡಿತದಲ್ಲಿ ಉರಿಸಲು ಬರುವುದಿಲ್ಲ ಎಂದು ಎಲ್ಲರ ಎದುರು ಹೇಳಿ ಹೋಗಿದ್ದ. ಅವ್ವ ಒಳಗೆ ಹೋಗಿದ್ದು ನನಗೆ ನೆನಪಿದೆ. ಆ ರೈಟರನ್ನು ನಾನು ಬಹಳ ವರ್ಷ ಬೈದುಕೊಂಡಿದ್ದೆ.

“ವರದಿ ತಪ್ಪು,” ಎಂದು ಕಾರ್ಯದರ್ಶಿಗೆ ಕಾರಣ ಸಮೇತ ಹೇಳಿದೆ. “ಪತ್ರ ತಡೆ ಹಿಡಿ.”

“ಈಗ ಹೇಳ್ತೀಯಲ್ಲ ಮಾರಾಯ! ನಿನ್ನ ಸಹಿ ನೋಡಿ ಟ್ರಸ್ಟಿನೋರೆಲ್ಲ ಹೂಂ ಅಂದಿದಾರೆ. ಬರೀ ಬಾಯಲ್ಲಿ ತಪ್ಪು ಅಂದ್ರೆ ಆಗ್ತದಾ? ಇವ್ರ ಪೆಟ್ಟಿಗೆ ಇವತ್ತು ಒಂದು ದಿನ ನಾಲ್ಕು ಗಂಟೆ ತನಕ ನಿಲ್ಲಿಸಿ ತೋರ್ಸು. ನಿಂತ್ರೆ ಪತ್ರ ಹರೀತೀನಿ. ಬಿದ್ರೆ ಸಹಿ.”

“ಬೇರೆಯವರನ್ನ ಮೊದಲು ಎಬ್ಬಿಸಿದ್ರೆ ಸಾಕಲ್ವ ಸರ್?” ಎಂದಳು ಅವಳು.

ಸಾಕಿತ್ತು. ಆದರೆ ಆಗ ಹನ್ನೊಂದಕ್ಕೆ ಭಟ್ಟರದ್ದೋ ನಮ್ಮದೋ ಸಾಯುತ್ತಿತ್ತು. ಭಾರವನ್ನು ಒಂದು ತಲೆಯಿಂದ ಇನ್ನೊಂದಕ್ಕೆ ಹೊರಿಸಿದರೆ ಸರಿಪಡಿಸಿದಂತಲ್ಲ. ನಾಲ್ಕನೆಯದೊಂದು ಪೆಟ್ಟಿಗೆ ಬೇಕಿತ್ತು. ಅದು ಯಾವ ಊರಿನದೂ ಅಲ್ಲ. ಎಲ್ಲರಿಗಿಂತ ಮೊದಲು ಎದ್ದು ಪದಕೋಶವನ್ನು ಎತ್ತಿಟ್ಟು ಸಂಜೆಯವರೆಗೆ ಸುಮ್ಮನೆ ಕಾಯುವುದಷ್ಟೇ ಅದರ ಕೆಲಸ. ಅದಕ್ಕೆ ಒಂದೂಕಾಲು ಜಿಬಿ ಮಿತಿ. ಇನ್ನು ಮುಂದೆ ಪದಕೋಶ ಬೆಳೆದರೆ ಆ ಪೆಟ್ಟಿಗೆಯಲ್ಲೇ ಕಾಣುತ್ತದೆ, ಯಾರ ಮೇಲೂ ತಪ್ಪು ಬೀಳುವುದಿಲ್ಲ. ಆದರೆ ಆ ಒಂದೂಕಾಲು ಎಲ್ಲಿಂದಲೋ ಬರಬೇಕು. ಮೂರೂ ಊರಿನ ಮಿತಿಯನ್ನು ಮೂರರಿಂದ ಎರಡೂವರೆಗೆ ಇಳಿಸಬೇಕು.

ಇದನ್ನು ಕಾರ್ಯದರ್ಶಿಗೆ ಹೇಳುತ್ತಿದ್ದಾಗ ಫೋನಿನಲ್ಲಿ ಇನ್ನೂ ಇದ್ದ ಭಟ್ಟರು ಕೇಳಿಸಿಕೊಂಡರು. “ನಮ್ದು ಎಂತಕ್ಕೆ ಇಳಿಸ್ತ್ರಿ? ನಮ್ದು ಸರಿ ಇದ್ದಲ್ದಾ?”

“ನೀವು ಇಷ್ಟು ದಿನ ಇನ್ನೊಬ್ಬರ ಸೌದೆಯಲ್ಲಿ ಮಿಂದಿದ್ದೀರಿ ಭಟ್ರೆ,” ಎಂದೆ. ಅವರಿಗೆ ಅರ್ಥವಾಗಲಿಲ್ಲ. ಹೇಳುವ ಹೊತ್ತೂ ಅದಲ್ಲ. “ಸಂಜೆ ವಿವರಿಸ್ತೀನಿ. ಹಾಳೆ ಹತ್ತಕ್ಕೊಂದು ಸಲ ಉಳಿಸ್ತಾ ಹೋಗಿ.”

ಈ ಮಾತುಕತೆಯಲ್ಲಿ ಅವತ್ತು ಏಳೂಕಾಲಿಗೆ ಯಾವ ಪೆಟ್ಟಿಗೆಯನ್ನೂ ಎಬ್ಬಿಸಿರಲಿಲ್ಲ. ಎಂಟೂ ಹತ್ತಕ್ಕೆ ನಾಲ್ಕನೆಯ ಪೆಟ್ಟಿಗೆ ಸಿದ್ಧವಾಯಿತು. ಎಬ್ಬಿಸಿದೆ. ಪರದೆಯಲ್ಲಿ ಅದರ ಅಂಕಿ ಸರಸರ ಏರಿ ಒಂದರ ಹತ್ತಿರ ನಿಂತಿತು. ಆಮೇಲೆ ನರಸಿಂಹರಾಜಪುರವನ್ನು ಎಬ್ಬಿಸಿದೆ. ದಿನಾ ಎದ್ದ ಕೂಡಲೆ ಒಂದೂಕಾಲು ತೋರಿಸುತ್ತಿದ್ದ ಪೆಟ್ಟಿಗೆ ಇವತ್ತು ಕಾಲು ಜಿಬಿ ಮಾತ್ರ ತೋರಿಸಿತು. ಅವಳಿಗೆ ಆ ಅಂಕಿಯನ್ನು ಬೆರಳಿಟ್ಟು ತೋರಿಸಿದೆ.

“ಇದು ನಮ್ದು ಮಾತ್ರನಾ ಸರ್?”

“ನಿಮ್ದು ಮಾತ್ರ.”

ಅವಳು ತನ್ನ ಕೇಂದ್ರಕ್ಕೆ ಫೋನ್ ಮಾಡಿ “ಶುರು ಮಾಡ್ರೇ, ದೊಡ್ಡ ಪುಸ್ತಕನೇ ತಗೊಳ್ಳಿ,” ಎಂದಳು. ನಾನು ಸಣ್ಣ ಪುಸ್ತಕ ಸಾಕು ಎನ್ನುವವನಿದ್ದೆ. “ಬೇಡ ಸರ್,” ಎಂದಳು. “ಸಣ್ಣದು ಮಾಡಿ ಉಳ್ಕಂಡ್ರೆ ಆಮೇಲೆ ಅದಕ್ಕೇ ಉಳೀತು ಅಂತಾರೆ.”

ಒಂಬತ್ತೂವರೆಗೆ ಶೃಂಗೇರಿ, ಹತ್ತಕ್ಕೆ ಕೊಪ್ಪ. ಆಮೇಲೆ ನಾನು ಪರದೆ ಬಿಟ್ಟು ಏಳಲಿಲ್ಲ. ಐದು ನಿಮಿಷಕ್ಕೊಮ್ಮೆ ನಾಲ್ಕೂ ಅಂಕಿಯನ್ನು ರಿಜಿಸ್ಟರಿನಲ್ಲಿ ಬರೆದೆ. ಅವಳು ನನ್ನ ಬೆನ್ನ ಹಿಂದೆ ನಿಂತು ತನ್ನ ನೋಟ್‌ಬುಕ್ಕಿನಲ್ಲೂ ಬರೆದಳು. ಕೆಳಗಿನ ಹೋಟೆಲಿನಿಂದ ಕಾಫಿ ಬಂತು, ಆರಿತು. ಹತ್ತೂವರೆಗೆ ಅವರ ಪೆಟ್ಟಿಗೆ ಒಂದೂಮುಕ್ಕಾಲು. ಹತ್ತೂಮುಕ್ಕಾಲಿಗೆ ಎರಡು. ದೊಡ್ಡ ಪುಸ್ತಕದ ಹಾಳೆಗಳು ಅಗಲ, ಒಂದೊಂದೂ ಮೆಮೊರಿ ಎಳೆಯುತ್ತದೆ. ಹನ್ನೊಂದಕ್ಕೆ ಎರಡೂಕಾಲು.

ಕಾರ್ಯದರ್ಶಿ ಮೇಲೆ ಬಂದ. “ಎಂತಾಯ್ತು?”

“ಮಾತಾಡ್ಬೇಡ,” ಎಂದೆ.

ಹನ್ನೊಂದೂ ಐದಕ್ಕೆ ಎರಡು ಬಿಂದು ಮೂರು ಐದು. ಹನ್ನೊಂದೂ ಹತ್ತಕ್ಕೆ ಎರಡು ಬಿಂದು ನಾಲ್ಕು ನಾಲ್ಕು. ಮಿತಿ ಎರಡೂವರೆ. ಹಿಂದಿನ ಮೂರನ್ನೇ ಬಿಟ್ಟಿದ್ದರೆ ಉಸಿರಾಡಲು ಜಾಗ ಇರುತ್ತಿತ್ತು. ಈಗಲೂ ಒಂದು ಆದೇಶ ಟೈಪು ಮಾಡಿ ಏರಿಸಬಹುದಿತ್ತು. ಬೆರಳು ಕೀಲಿಯ ಮೇಲಿತ್ತು. ಏರಿಸಿದರೆ ಅವರಿಗೆ ಹೆಚ್ಚು ಕೊಟ್ಟಂತೆ ಆಗಿ, ನನ್ನ ಹಳೆಯ ವರದಿ ನಿಜವೆಂದಂತೆ ಆಗುತ್ತಿತ್ತು. ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ.

ಅವಳ ಫೋನ್ ಹೊಡೆದುಕೊಂಡಿತು. ಮೂವರೂ ಬೆಚ್ಚಿದೆವು. ಪೆಟ್ಟಿಗೆ ಸತ್ತಾಗ ಮೊದಲು ಬರುತ್ತಿದ್ದದ್ದು ಆ ಕೇಂದ್ರದ ಫೋನೇ.

“ಏನೇ?” ಎಂದಳು. ಕೇಳಿಸಿಕೊಂಡಳು. ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ನಮಗೆ ಹೇಳಿದಳು, “ಮೊದಲ ಕಟ್ಟು ಮುಗೀತಂತೆ. ಒಪ್ಸಿ ಬಿಡ್ಲಾ ಅಂತ ಕೇಳ್ತಿದಾಳೆ.”

“ಒಪ್ಪಿಸಲಿ,” ಎಂದೆ. ನನ್ನ ಧ್ವನಿ ಜೋರಾಗಿತ್ತು.

ಮುಗಿದ ಹಾಳೆಗಳನ್ನು ಒಪ್ಪಿಸಿದೊಡನೆ ಅವು ಹಿಡಿದಿದ್ದ ಮೆಮೊರಿ ಬಿಟ್ಟುಹೋಗುತ್ತದೆ. ಅಂಕಿ ಎರಡು ಬಿಂದು ನಾಲ್ಕು ಆರಕ್ಕೆ ಹೋಗಿ, ಒಂದು ಕ್ಷಣ ನಿಂತು, ಒಂದು ಬಿಂದು ಒಂಬತ್ತಕ್ಕೆ ಇಳಿಯಿತು. ಕಾರ್ಯದರ್ಶಿ ಕುರ್ಚಿ ಎಳೆದುಕೊಂಡು ಕೂತ. ಆಮೇಲೆ ಅವಳೂ ಕೂತಳು, ಬೆಳಿಗ್ಗೆಯಿಂದ ಮೊದಲ ಸಲ.

“ನನ್ನ ಸೊಂಟ ಹೋಯ್ತು ಸರ್,” ಎಂದಳು.

“ತಣ್ಣಗಾದ ಕಾಫಿ ಕುಡೀರಮ್ಮ,” ಎಂದ ಕಾರ್ಯದರ್ಶಿ. “ಬಿಸಿದು ತರಿಸೋಣ ಅಂದ್ರೆ ಈ ಮಿಲಿಟ್ರಿ ಮನುಷ್ಯ ಮಾತಾಡ್ಬೇಡ ಅಂತಾನೆ.”

ಮಧ್ಯಾಹ್ನ ಇನ್ನೆರಡು ಸಲ ಅಂಕಿ ಎರಡು ಬಿಂದು ನಾಲ್ಕರವರೆಗೆ ಹೋಗಿ ಬಂತು. ಎರಡು ಸಲವೂ ನಾನು ಬರೆಯುವ ಪೆನ್ನು ನಿಲ್ಲಿಸಿದೆ. ಶೃಂಗೇರಿಯದ್ದು ಒಮ್ಮೆ ಎರಡು ಬಿಂದು ಮೂರು ಮುಟ್ಟಿತು. ಭಟ್ಟರು ಹಾಳೆ ಹತ್ತಕ್ಕೊಂದು ಸಲ ಉಳಿಸಿದ್ದರು, ಉಳಿಸಿದಾಗಲೆಲ್ಲ ಫೋನ್ ಮಾಡಿ ಹೇಳಿಯೂ ಇದ್ದರು. ಯಾವ ಪೆಟ್ಟಿಗೆಯೂ ಸಾಯಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಕಾರ್ಯದರ್ಶಿ ಪತ್ರ ಕೈಗೆತ್ತಿಕೊಂಡ. ಹರಿಯುವ ಮೊದಲು ನನ್ನ ಕಡೆ ಕೈ ಚಾಚಿದ. “ನೀನು ಮೊದ್ಲು ಬರ್ದು ಕೊಡು. ನಾಳೆ ಟ್ರಸ್ಟಿನೋರು ಕೇಳಿದ್ರೆ ನಾನು ಎಂತ ತೋರಿಸ್ಲಿ?”

ಬರೆದೆ. ಹಿಂದಿನ ವರದಿ ತಪ್ಪು. ಮೂರು ಕೇಂದ್ರಗಳೂ ಬಳಸುವ ಪದಕೋಶದ ಭಾರ ನಾನು ಎಬ್ಬಿಸುತ್ತಿದ್ದ ಕ್ರಮದಿಂದ ಒಂದು ಕೇಂದ್ರದ ಮೇಲೆ ಬಿದ್ದಿತ್ತು. ಕೆಲಸದ ಕ್ರಮ ಸರಿಯಿಲ್ಲದ್ದು ನರಸಿಂಹರಾಜಪುರದ್ದಲ್ಲ, ನನ್ನದು. ತಪ್ಪು ತೋರಿಸಿದ್ದು ಆ ಕೇಂದ್ರದವರು ಇಟ್ಟ ದಿನಚರಿ. ಸಹಿ, ಹೊತ್ತು ನಾಲ್ಕೂ ಹನ್ನೆರಡು. ಅವಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಕೊನೆಯ ಸಾಲನ್ನು ಇನ್ನೊಂದು ಸಲ ಓದಿಸಿದಳು. ಕಾರ್ಯದರ್ಶಿ ಆ ಕಾಗದವನ್ನು ಕಡತಕ್ಕೆ ಸೇರಿಸಿ, ಪತ್ರವನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದ.

“ಸರ್, ಆ ನಮೂನೆಗೆ ಒಂದು ಕಾಲಂ ಸೇರಿಸ್ತೀರಾ?” ಎಂದಳು ಹೊರಡುವಾಗ. “ನಮಗೆ ಏನನ್ಸುತ್ತೆ ಅಂತ ಬರೆಯೋಕೆ.”

“ಸೋಮವಾರ ಸೇರಿಸಿರ್ತೀನಿ.”

“ಸೋಮವಾರ ಎಷ್ಟೊತ್ತಿಗೆ ಅಂತ ಬರ್ಕೊಳ್ಳಿ ಸರ್, ನಿಮಗೆ ಬರೆದಿಡದೆ ಆಗಲ್ವಲ್ಲ,” ಎಂದು ನಕ್ಕು ಮೆಟ್ಟಿಲಿಳಿದಳು. ನಾಲ್ಕೂವರೆಯ ಬಸ್ಸು ಸಿಕ್ಕಿತೆಂದು ಆಮೇಲೆ ಫೋನ್ ಮಾಡಿದಳು.

ಒಬ್ಬನೇ ಉಳಿದ ಮೇಲೆ ರಿಜಿಸ್ಟರ್ ತೆಗೆದು, ಆ ಗುರುವಾರದ ಖಾಲಿ ಸಾಲಿನಲ್ಲಿ ಶೃಂಗೇರಿಯ ಸಾವನ್ನು ಕೆಂಪು ಶಾಯಿಯಲ್ಲಿ ತಡವಾಗಿ ಬರೆದೆ. ಗೋಡೆಯ ಚೀಟಿ ಕಿತ್ತೆ. ಹೊಸ ಚೀಟಿಯಲ್ಲಿ ಮೊದಲ ಸಾಲು, ಏಳು ಗಂಟೆ, ಪದಕೋಶದ ಪೆಟ್ಟಿಗೆ. ಎರಡನೆಯದು, ಏಳೂಕಾಲು, ನರಸಿಂಹರಾಜಪುರ, ಮೊದಲಿನಂತೆಯೇ. ಅಂಟು ಒಣಗುವವರೆಗೆ ಅಂಗೈಯಿಂದ ಒತ್ತಿ ಹಿಡಿದೆ.

ಐದೂವರೆಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಕೊನೆಗೆ ಪದಕೋಶದ ಪೆಟ್ಟಿಗೆ, ಈ ಕ್ರಮದಲ್ಲಿ ನಿಲ್ಲಿಸಿ ಯಂತ್ರ ಆರಿಸಿದೆ. ಹೊತ್ತು ಬರೆದು ರಿಜಿಸ್ಟರ್ ಮುಚ್ಚಿದೆ.